ನಾನೂರ ಒಂದು

ನಲವತ್ತು ಜನ, ಒಬ್ಬೊಬ್ಬರಿಗೆ ಹತ್ತು ಗುಂಡು.
ಲೆಕ್ಕ ಸುಲಭ. ಆದರೂ ಜಬೀವುಲ್ಲಾ ಸಾಹೇಬರು
ಬೆರಳು ಮಡಿಸಿ ಮಡಿಸಿ ಎಣಿಸುತ್ತಾರೆ.
ಹಾರಿದ ಗುಂಡನ್ನು ಯಾರೂ ಕೇಳುವುದಿಲ್ಲ,
ಮಣ್ಣಿನ ದಿಬ್ಬ ನುಂಗಿದ್ದು ನುಂಗಿತು.
ಸರ್ಕಾರ ಕೇಳುವುದು ಖಾಲಿ ಕೋಕಾ,
ಕಿರುಬೆರಳುದ್ದದ ಹಿತ್ತಾಳೆ,
ಎಣಿಸಿ ಕೊಟ್ಟದ್ದು ಎಣಿಸಿ ವಾಪಸ್.

ಜೋಗಿಮಟ್ಟಿಯ ಬೆನ್ನಿಗಿರುವ ಕಣಿವೆ.
ಮೇಲೆ ಸಾಲು ಫ್ಯಾನುಗಳು ಯಾರಿಗೋ ಕರೆಂಟು ಬೀಸುತ್ತವೆ,
ನಮಗೆ ನೆರಳೂ ಇಲ್ಲ.
ಎಸ್ಸೆಲ್ಲಾರ್ ಪ್ರತಿ ಢಂಗೂ ಒಂದನ್ನು ಬಲಕ್ಕೆ ಉಗುಳುತ್ತದೆ,
ಎಲೆಅಡಿಕೆ ಮುದುಕಿ ಬಸ್ಸಿನ ಕಿಟಕಿಯಿಂದ ಉಗುಳಿದ ಹಾಗೆ,
ಎಲ್ಲಿ ಬಿತ್ತೆಂದು ತಿರುಗಿ ನೋಡದೆ.
ನೋಡುವುದು ನನ್ನ ಡ್ಯೂಟಿ.
ಸಿಮೆಂಟ್ ಚೀಲ ಹಿಡಿದು, ಸೊಂಟ ಬಗ್ಗಿಸಿ,
ಶೇಂಗಾ ಕಿತ್ತ ಹೊಲದಲ್ಲಿ ಹಕ್ಕಲಾಯುವ ಹಾಗೆ.
ಚಳ್ಳಕೆರೆ ಕಡೆಯವಳು, ಅದು ಕೈಗೆ ಬಂದದ್ದು;
ಇದು ಮಾತ್ರ ಬೆರಳು ಸುಡುತ್ತದೆ,
ಸುಟ್ಟರೂ ಕೈ ಬಿಡುವಂತಿಲ್ಲ.

ಮಧ್ಯಾಹ್ನ ಪೇಪರಿನ ಮೇಲೆ ಮಂಡಕ್ಕಿ, ಮಿರ್ಚಿ.
ಪಕ್ಕದಲ್ಲೇ ಟಾರ್ಪಾಲಿನ ಮೇಲೆ ಹತ್ತತ್ತರ ಗುಡ್ಡೆ.
ಮೂವತ್ತೊಂಬತ್ತು ಗುಡ್ಡೆ ಸರಿ.
ಕೊನೆಯದರಲ್ಲಿ ಒಂಬತ್ತು.

ಮಿರ್ಚಿ ತಣ್ಣಗಾಯಿತು.
ಸಾಲಾಗಿ ಮೊಣಕಾಲೂರಿ ಹೊರಟೆವು,
ಬಂದೂಕು ಹಿಡಿದ ನಲವತ್ತು ಜನ ಅಂಬೆಗಾಲಿಟ್ಟು.
ಪಾಲಯ್ಯ ಬೂಟು ಬಿಚ್ಚಿ ಬಡಿದ, ಬಿದ್ದದ್ದು ಹರಳು.
ಆಡು ಕಾಯುವ ಹುಡುಗನ ಜೇಬನ್ನೂ ತಡವಿದರು,
ನಾಕು ಕಾರೆಹಣ್ಣು, ಒಂದು ಗುಂಡಿ.
ಸೀತಾಫಲದ ಬುಡ, ಇರುವೆಗೂಡು, ಮುಳ್ಳುಜಾಲಿ.
ನಾನು ಬಂಡೆಯ ಸೀಳಿಗೆ ಕೈ ತೂರಿದೆ.
ಚೇಳಿರಬಹುದು ಅನ್ನಿಸಿದ್ದು ತೂರಿದ ಮೇಲೆ.

ಸಿಕ್ಕಿತು. ತಣ್ಣಗಿತ್ತು.
ಮೈಯೆಲ್ಲ ಕಿಲುಬು, ಬಾಯಿ ತುಂಬ ಮಣ್ಣು,
ಒಳಗೆ ಯಾವುದೋ ಹುಳ ಮನೆ ಮಾಡಿ ಬಿಟ್ಟುಹೋಗಿತ್ತು.
ಉಗುಳು ಹಚ್ಚಿ ಹೆಬ್ಬೆರಳಲ್ಲಿ ತಿಕ್ಕಿದೆ:
ತಳದಲ್ಲಿ ಎರಡಂಕಿ, ಎಂಬತ್ತೇಳು.

ಅಪ್ಪನಿಗೆ ಒಂದು ವರ್ಷದ ಇನ್‌ಕ್ರಿಮೆಂಟು ಹೋದದ್ದು ಎಂಬತ್ತೊಂಬತ್ತರಲ್ಲಿ.
ಇದೇ ಕಣಿವೆ, ಒಂದು ಕೋಕಾ ಕಮ್ಮಿ.
"ಮಾರ್ಕೊಂಡಿರ್ತಾನೆ" ಅಂದರಂತೆ, ಗುಜರಿಯವನ ಹೆಸರೂ ಹೇಳಿ.
ಅಂದಿನಿಂದ ಅಪ್ಪ ಎಣಿಸುತ್ತಾನೆ:
ಮೆಟ್ಟಿಲು, ಲೋಟ, ಅಂಗಿಯ ಗುಂಡಿ.
ರಾತ್ರಿ ದೀಪ ಆರಿಸಿ ನಮ್ಮ ತಲೆ ಮುಟ್ಟಿ ಎಣಿಸುತ್ತಿದ್ದ,
ನಾಲ್ವರಲ್ಲಿ ಒಂದು ತಲೆ ಕೌದಿಯೊಳಗೆ ಜಾರಿದ್ದರೆ
ಮತ್ತೆ ಮೊದಲಿಂದ.
ಎಂಬತ್ತೇಳರಲ್ಲಿ ಮಾಡಿದ ಗುಂಡು ಯಾವಾಗ ಹಾರಿತೋ,
ಯಾರ ಹೆಗಲಿಂದಲೋ. ಅವನದಿರಬಹುದು.
ಇಲ್ಲದಿರಬಹುದು.

"ಸಿಕ್ತು!" ಹಿಂದಿನಿಂದ ಕೂಗು.
ಗಂಗರಾಜ ಮೇಲೆ ಸುತ್ತಿಕೊಂಡ ತೋಳಿನ ಮಡಿಕೆಯಲ್ಲೇ ಕೂತಿತ್ತಂತೆ,
ಅವನೇ ಎಲ್ಲರಿಗಿಂತ ಜೋರಾಗಿ ಹುಡುಕಿದವನು.
ನಕ್ಕರು, ಬೈದರು, ತಣ್ಣನೆ ಮಿರ್ಚಿ ತಿಂದರು.
ನಾನು ಮುಷ್ಟಿ ಬಿಚ್ಚಿದೆ.

ಸಾಹೇಬರು ಕನ್ನಡಕ ಹಣೆಗೇರಿಸಿ ನೋಡಿದರು, ಬಹಳ ಹೊತ್ತು.
"ರಿಜಿಸ್ಟರಿನಾಗೆ ಕಮ್ಮಿಗೆ ಕಾಲಂ ಐತೆ ಕಣಮ್ಮ.
ಜಾಸ್ತಿಗೆ ಇಲ್ಲ.
ಎಲ್ಲಿತ್ತೋ ಅಲ್ಲೇ ಇಟ್ಟು ಬಾ."

ಇಡುವ ಮುಂಚೆ ಬಾಯಿಗಿಟ್ಟು ಊದಿದೆ, ಯಾಕೋ.
ಮಣ್ಣು ಹಾರಿತು, ಸಣ್ಣ ಸಿಳ್ಳು.
ದಿಣ್ಣೆಯ ಮೇಲೆ ಆಡುಗಳೆಲ್ಲ ಒಟ್ಟಿಗೆ ತಲೆಯೆತ್ತಿದವು.

ಮನೆಯಲ್ಲಿ ಊಟಕ್ಕೆ ಕೂತಾಗ ಅಪ್ಪ, ಪ್ರತಿ ವರ್ಷದಂತೆ:
"ಲೆಕ್ಕ?"
"ನಾನೂರಕ್ಕೆ ನಾನೂರು."
ಹುಣಸೆಹಣ್ಣು ಹಾಕಿ ತಿಕ್ಕಿದ್ದೆ, ಆದರೂ ಹೆಬ್ಬೆರಳ ಗೆರೆಗಳಲ್ಲಿ ಉಳಿದಿತ್ತು.
ಮುದ್ದೆ ಮುರಿಯುವ ನನ್ನ ಕೈಯನ್ನೇ ನೋಡಿದ.
"ಹೊಸ ಕೋಕಾ ಹಸಿರು ಬಿಡಲ್ಲ" ಅಂದ.
ಸಾರು ಸುರಿದುಕೊಂಡ. ಎರಡು ತುತ್ತು ನುಂಗಿದ.
ಆಮೇಲೆ, ತಟ್ಟೆಯಿಂದ ಕಣ್ಣೆತ್ತದೆ,
"ಯಾವ ಬಂಡೆ?"