ಮೇಲಿನ ಮನೆಯ ನೀರು

ಭಾಂಡುಪಿನ ಈ ಕಟ್ಟಡದಲ್ಲಿ ನಮ್ಮದು ಒಂದನೇ ಮಹಡಿ,
ಮೇಲೆ ಲೋಕಯ್ಯ ಪುತ್ರನ್.
ಮೂವತ್ತೊಂದು ವರ್ಷ ಮಝಗಾಂವ್ ಡಾಕಿನಲ್ಲಿ
ಹಡಗುಗಳ ಹೊಟ್ಟೆಗೆ ಬಣ್ಣ ಬಳಿದವರು.

ನಿವೃತ್ತರಾದ ತಿಂಗಳಿಗೇ ಪ್ಲೈವುಡ್ ತಂದರು.
ಆರಡಿ ಉದ್ದದ ತೊಟ್ಟಿ, ಮುಂದೊಂದು ಗಾಜು,
ಒಳಮೈಗೆ ಡಬ್ಬಿಯ ಕರಿ ರಬ್ಬರು:
ಒಂದು ಕೋಟು ಅಡ್ಡ, ಒಂದು ಉದ್ದ,
ಮೂಲೆಗಳಿಗೆ ಬಟ್ಟೆಪಟ್ಟಿ ಒತ್ತಿ ಮತ್ತೊಂದು.
ವಾರವಿಡೀ ನಮ್ಮ ಸಾರಿಗೂ ಅದೇ ವಾಸನೆ.

"ಇಷ್ಟು ದಿನ ನೀರು ಒಳಗೆ ಬಾರದ ಹಾಗೆ ಬಳಿದೆ,
ಈಗ ಹೊರಗೆ ಹೋಗದ ಹಾಗೆ.
ಕೈ ಅದೇ ಮಾರಾಯ್ರೆ."
ನಾನು ನಗಲಿಲ್ಲ. ಆರುನೂರು ಲೀಟರು,
ಸರಿಯಾಗಿ ನನ್ನ ಮಂಚದ ಮೇಲೆ.

ನಳ ಬರುವುದು ಬೆಳಗಿನ ಐದಕ್ಕೆ, ಮುಕ್ಕಾಲು ಗಂಟೆ.
ದಿನಕ್ಕಿಷ್ಟು ಸುರಿದರು.
ಮಲಗಿದಲ್ಲೇ ಬಕೆಟು ಎಣಿಸಿದೆ.

ಒಂಬತ್ತನೆಯ ದಿನ ಸೂರಿನಲ್ಲಿ ಒದ್ದೆ,
ಚಪಾತಿಯಷ್ಟಗಲ.
ಬರಿಗಾಲಲ್ಲೇ ಮೆಟ್ಟಿಲು ಹತ್ತಿದೆ, ಬಾಯಿತುಂಬ ಬೈಗುಳ.
ಅವರು ತೊಟ್ಟಿಯಡಿ ಹಾಸಿದ ಪೇಪರು ಎಳೆದು ತೋರಿಸಿದರು.
ಗರಿಗರಿ. ಕಳೆದ ವಾರದ ರಾಶಿಫಲ,
ನನ್ನ ಕನ್ಯಾರಾಶಿಯೂ ಅಳಿಸಿಲ್ಲ.

ಸೋರಿದ್ದು ಗೋಡೆಯೊಳಗಿನ ಹಳೇ ಪೈಪು.
ಎರಡು ವರ್ಷದಿಂದ ಅದರ ಅರ್ಜಿ ಫೈಲಿನಲ್ಲಿದೆ.
ಸೊಸೈಟಿಯ ಸೆಕ್ರೆಟರಿ ನಾನೇ.

ಅವರೇನೂ ಅನ್ನಲಿಲ್ಲ. ಡಬ್ಬಿಯ ತಳ ಕೆರೆದು,
ಸ್ಟೂಲು ಹತ್ತಿ, ಪೈಪಿನ ಸಂದಿಗೆ
ಅಡ್ಡ ಒಮ್ಮೆ, ಉದ್ದ ಒಮ್ಮೆ.

ಆ ಕರಿ ಮಚ್ಚೆ ಇನ್ನೂ ಇದೆ.
ಮೀನು ಬಿಟ್ಟಿರಾ ಎಂದು ಕೇಳಲು ನಾಚಿಕೆ.
ರಾತ್ರಿ ಫ್ಯಾನು ನಿಲ್ಲಿಸಿ
ಸ್ವಲ್ಪ ಹೊತ್ತು ಕಿವಿಗೊಡುತ್ತೇನೆ.