ಹೌದು, ಇಲ್ಲ, ಗೊತ್ತಿಲ್ಲ

ಕೌಲ್ ಬಜಾರಿನ ಓಣಿ. ಮಧ್ಯಾಹ್ನ ಮೂರು.
ಬಂಡೆಗುಡ್ಡ ಕುಡಿದ ಬಿಸಿಲನ್ನು
ಈಗ ಮನೆಗಳ ಮೇಲೆ ಉಗುಳುತ್ತಿದೆ.
ಗಾದಿಲಿಂಗಮ್ಮನ ಪಡಸಾಲೆಯ ತುಂಬ ಜೀನ್ಸ್ ರಾಶಿ,
ಬರೀ ಕಾಲುಗಳು, ಒಳಗೆ ಯಾರೂ ಇಲ್ಲ.
ಸುತ್ತ ಐವರು ಹೆಂಗಸರು, ಐದು ಪುಟ್ಟ ಕತ್ತರಿ,
ಪೀಸಿಗೆ ಇಷ್ಟೆಂದು ದಾರ ಕತ್ತರಿಸುವ ಕೆಲಸ.

ನಾನು ಸರ್ವೆಯವಳು.
ಕೊರಳಲ್ಲಿ ಕಾರ್ಡು, ತೊಡೆಯ ಮೇಲೆ ಟ್ಯಾಬು.
ಒಬ್ಬೊಬ್ಬರನ್ನೇ ಕೂರಿಸಿ ಕೇಳಬೇಕೆಂದು ನಿಯಮ,
ಇಲ್ಲಿರುವುದು ಒಂದೇ ಕೋಣೆ.
ಪ್ರತಿ ಪ್ರಶ್ನೆಗೂ ಮೂರೇ ಮನೆ:
ಹೌದು, ಇಲ್ಲ, ಗೊತ್ತಿಲ್ಲ.
ಒಂದನ್ನು ಒತ್ತದೆ ಮುಂದಿನ ಪುಟ ತೆರೆಯುವುದಿಲ್ಲ.

ಹೆಂಡತಿ ಅಡುಗೆ ಸರಿಯಾಗಿ ಮಾಡದಿದ್ದರೆ
ಗಂಡ ಹೊಡೆಯುವುದು ಸರಿಯೆ?
ಹೇಳದೆ ಹೊರಗೆ ಹೋದರೆ?
ಎದುರು ಮಾತಾಡಿದರೆ?

‘ಅಡಿಗಿಗೆ ಒಂದೇಟು ನಡೀತೈತಿ,
ಎರಡು ಜಾಸ್ತಿ ಆತು’ ಅಂದಳು ಸುಂಕಮ್ಮ.
ಎಲ್ಲರೂ ನಕ್ಕರು. ನಾನೂ.
ನಗುವಿಗೆ ಅಲ್ಲಿ ಮನೆ ಇರಲಿಲ್ಲ.

ಹನುಮಕ್ಕ ಕತ್ತರಿ ನಿಲ್ಲಿಸಲೇ ಇಲ್ಲ:
‘ಅವನ ಹೆಜ್ಜಿ ಸಪ್ಪಳ ಕೇಳಿದ ಕೂಡ್ಲೇ
ಬಳಿ ಬಿಚ್ಚಿ ಗೂಡಿನ್ಯಾಗ ಇಡ್ತಿದ್ದೆ.
ಪೆಟ್ಟು ಬಿಟ್ಟಿ ಸಿಗ್ತಾವು, ಬಳಿಗೆ ರೊಕ್ಕ ಬೇಕು.
ಅವ ಸತ್ತ ಮ್ಯಾಲೂ ಸಂಜಿಯಾದ್ರ
ಕೈ ತಾನ ಮಣಿಕಟ್ಟಿಗೆ ಹೋಗ್ತಿತ್ತು ನೋಡು.’

ಮೆಹಬೂಬ್‌ಬಿ ಸೆರಗು ಎಳೆದುಕೊಂಡಳು:
‘ನಮ್ಮನಿಯವ್ರು ಕೈ ಎತ್ತಿದವ್ರಲ್ಲ.
ಬರೇ ಮಾತಾಡಂಗಿಲ್ಲ.
ಒಂದು ಸಲ ಒಂಬತ್ತು ತಿಂಗಳು ಮಾತಾಡ್ಲಿಲ್ಲ,
ಹೊಟ್ಟ್ಯಾಗ ಸಲ್ಮಾ ಇದ್ದಷ್ಟೂ ದಿನ.
ಅದನ್ನ ಹೊಡತ ಅಂತ ಬರಕೋತೀಯೋ, ಏನಂತ ಬರಕೋತೀ?’

ನಾನು ಏನಂತಲೂ ಬರೆಯಲಿಲ್ಲ. ನೀರು ಕೇಳಿದೆ.

ತಂಬಿಗೆ ತಂದವಳು ವನ್ನೂರಮ್ಮ,
ಮದುವೆಯಾಗಿ ಎರಡು ವರ್ಷದ ಹುಡುಗಿ.
ಬಣ್ಣ ಬಿಡುವ ಹೊಸ ಬಟ್ಟೆ, ಬೆರಳೆಲ್ಲ ನೀಲಿ.
ಬೆರಳಿನ ನೀಲಿ ಸಾಬೂನಿಗೆ ಹೋಗುತ್ತದಂತೆ.
ಇನ್ನೊಂದು ನೀಲಿ, ಕಿವಿಯ ಹಿಂದಿನದು,
ಅದರ ಮಾತು ಯಾರೂ ಎತ್ತಲಿಲ್ಲ.
‘ತೋರ್ಸಕ್ಕ’ ಎಂದು ಬಾಗಿ
ಪ್ರಶ್ನೆಗಳ ಮೇಲೆ ಬೆರಳೆಳೆದಳು:
ಉಪ್ಪು ಹೆಚ್ಚಾದ್ರ, ಕೇಳದ ಹೋದ್ರ, ಎದುರಾಡಿದ್ರ...
‘ಇದ್ರಾಗ, ಸುಮ್ಸುಮ್ನ ಅನ್ನೋದು ಐತೇನಕ್ಕ?’

ಕೆಳಗೆ ಸರಿಸಿದೆ. ಮೇಲೆ ಸರಿಸಿದೆ.
ಇರಲಿಲ್ಲ.
ಕತ್ತರಿಗಳೆಲ್ಲ ಒಮ್ಮೆಲೆ ನಿಂತಾಗಲೇ ಗೊತ್ತಾಗಿದ್ದು
ಅಷ್ಟು ಹೊತ್ತು ಅವು ಸದ್ದು ಮಾಡುತ್ತಿದ್ದವೆಂದು.

ಆಗ ಗಾದಿಲಿಂಗಮ್ಮ
ರಾಶಿಯ ಆಚೆಯಿಂದ ಬಾಗಿಲಿಗೆ ಗದ್ದ ತೋರಿ:
‘ಅದು ನಾ ಹಾಕಿಸಿದ್ದು, ಒಳಗಿನ ಚಿಲಕ.
ಎರಡು ತಿಂಗಳ ದಾರ ಕತ್ತರಿಸಿದ ರೊಕ್ಕ.
ಕುಡಿದು ಬಂದ್ರ ಕಟ್ಟಿ ಮ್ಯಾಲ ಮಲಗ್ತಾನ,
ನಾಕು ವರ್ಷಾತು.
ಅತ್ತಿ ಬೈದ್ಲು, ನನ್ನ ಹಡದಾಕಿನೂ ಬೈದ್ಲು.
ಚಿಲಕ ಬೈಲಿಲ್ಲ.’
ಆಮೇಲೆ ಯಾರನ್ನೂ ನೋಡದೆ, ದಾರಕ್ಕೆ ಹೇಳಿದಂತೆ:
‘ಹೆಂಗಸು ತಟ್ಟಿದ್ರ ಅದು ಎಂಥಾ ರಾತ್ರಿನೂ ತಗೀತೈತಿ.
ಮೂರು ಸಲ, ಬೆರಳ ಗೆಣ್ಣಿನಿಂದ. ಮೆಲ್ಲಕ.’

ವನ್ನೂರಮ್ಮ ಮತ್ತೊಂದು ಪ್ಯಾಂಟು ಎಳೆದುಕೊಂಡಳು.
ಕೇಳಿಸಿತೋ ಇಲ್ಲವೋ.
ಅವಳ ಗೆಣ್ಣು ಮಾತ್ರ
ನೆಲದ ಬಂಡೆಯ ಮೇಲೆ
ಒಂದು, ಎರಡು...
ಮೂರನೆಯದಕ್ಕೆ ನಾನು ಕಾದೆ.

ಅವಳನ್ನು ಯಾವ ಮನೆಗೆ ಕಳಿಸಲಿ?
ಗೊತ್ತಿಲ್ಲ ಒತ್ತಿದೆ. ಪುಟ ತೆರೆಯಿತು.
ಮುಂದಿನ ಪ್ರಶ್ನೆ: ಮನೆಯಲ್ಲಿ ಫ್ರಿಜ್ ಇದೆಯೆ?

ಸರ್ವೆಯವಳನ್ನು ಯಾರೂ ಕೇಳುವುದಿಲ್ಲ.
ಗಾಜಿನ ಮೇಲೆ ಅವಳ ನೀಲಿ ಬೆರಳಚ್ಚು,
ಒರೆಸದೆ ಚೀಲಕ್ಕಿಟ್ಟು ನಡೆದೆ.
ಬೆಂಗಳೂರು ರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ
ಚಿಲಕಗಳು ಉದ್ದಕ್ಕೆ ತೂಗುತ್ತಿದ್ದವು,
ಹಿತ್ತಾಳೆಯವು, ಕಬ್ಬಿಣದವು.
‘ಒಳಗಿಗೋ ಹೊರಗಿಗೋ’ ಎಂದ ಅಂಗಡಿಯವ.

ಬೆಲೆ ಕೇಳಿದೆ, ಅಷ್ಟೆ.
ಆಮೇಲೆ ಬಸ್ಸಿನಲ್ಲಿ ನೋಡಿಕೊಂಡೆ:
ಬಲಗೈ
ಎಡಗೈಯ ಬಳೆಗಳನ್ನು ಹಿಡಿದು ಕೂತಿತ್ತು.