ಆಮೇಲೆ ಕಳಿಸು

ಮಾರ್ಗ್ರೆಟಾ ಕೇಳಿದ್ದು ಒಂದೇ ಪುಟದ ವರದಿ:
ಹಳೆಯ ಮೇಲ್ ಪ್ರೋಗ್ರಾಮೇ ಸಾಕೋ, ವೆಬ್‌ಮೇಲಿಗೆ ಹೋಗೋಣವೋ,
ಎರಡು ವಾರ ಎರಡನ್ನೂ ಬಳಸಿ ನೋಡಿ ಹೇಳು, ಸುನ್ವಾ.
ಕ್ಲಾಕ್ಸ್‌ವೀಕಿನ ಬಂದರಿನಲ್ಲಿ, ಬಲೆ ಹೊಲಿಯುವ ಅಟ್ಟದ ಕೆಳಗೆ
ನನ್ನದೊಂದು ಮೇಜು. ಅದರಡಿ, ಕಾಲಿಗೆ ಬೆಚ್ಚಗೆ ಉಸಿರುಬಿಡುವ ಬೂದು ಡಬ್ಬ.
ಹದಿನೇಳು ವರ್ಷದ ಟಪಾಲು ಅದರ ಹೊಟ್ಟೆಯಲ್ಲಿ.

ನ್ಯಾಯವಾಗಿ ಹೇಳುತ್ತೇನೆ, ಹೊಸದು ಚುರುಕು.
ನೈಲಾನ್, ನಲವತ್ತು ಮಿಲಿಮೀಟರ್ ಎಂದು ಬಡಿಯುವಷ್ಟರಲ್ಲಿ
ಎಂದೋ ಮುಳುಗಿದ ದೋಣಿಯ ಬಿಲ್ಲೂ ತೇಲಿ ಬರುತ್ತದೆ.
ಹಳೆಯದು ಹುಡುಕಲು ಹೊರಟರೆ
ನಾನು ಕಾಫಿ ಕಾಸಿ, ಕುಡಿದು, ಲೋಟ ತೊಳೆದು ಬರಬಹುದು.
ಹೊಸದು ಎಲ್ಲಿಂದಲೂ ತೆರೆಯುತ್ತದಂತೆ.
ಬಾರ್ಡುರ್ ತೋರಿಸಿಯೇಬಿಟ್ಟ ಫೋನಿನಲ್ಲಿ,
ಸಮುದ್ರದಡಿಯ ಸುರಂಗದೊಳಗೆ, ಒಂದು ಕೈ ಸ್ಟಿಯರಿಂಗಿನ ಮೇಲೆ.
ಬೈದೆ.
ಬರೆದೂಕೊಂಡೆ: ಸುರಂಗದಲ್ಲೂ ಸಿಗುತ್ತದೆ.

ಮೊದಲ ಗುರುವಾರ ಬಿರುಗಾಳಿ. ಕರೆಂಟಿತ್ತು, ನೆಟ್ ಇರಲಿಲ್ಲ.
ಬಿಳಿ ಪರದೆಯ ನಡುವೆ ಒಂದು ಚಕ್ರ
ಗಾಣದೆತ್ತಿನ ಹಾಗೆ ಸುತ್ತಿದ್ದೇ ಸುತ್ತಿದ್ದು,
ಎಣ್ಣೆ ಒಂದು ತೊಟ್ಟಿಲ್ಲ.
ಮೇಜಿನಡಿಯದು ಮಾತ್ರ ಏನೂ ಆಗಿಲ್ಲವೆಂಬಂತೆ
ಹಳೆಯ ಆರ್ಡರುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿತ್ತು.

ಎರಡನೆಯ ವಾರ ಫೋಲ್ಡರುಗಳನ್ನು ಸಾಗಿಸಿದೆ.
ಬಂದದ್ದು ಹೋಯಿತು, ಕಳಿಸಿದ್ದು ಹೋಯಿತು, ಕರಡೂ ಹೋಯಿತು.
ಒಂದು ಮಾತ್ರ ದಾಟಲೊಲ್ಲದು:
ಕಳಿಸಬೇಕಾದ್ದು. ಅದರೆದುರು ದಪ್ಪಕ್ಷರದಲ್ಲಿ ಒಂದು.

ಟುಮ್ಮಾಸನಿಗೆ. ನನ್ನ ತಮ್ಮ.
ಈ ಕಿಟಕಿಗೆ ಕಾಣುವ ಕಲ್ಸೊಯ್ ದ್ವೀಪದಲ್ಲೇ ಇದ್ದಾನೆ.
ಅಪ್ಪನ ಪಾಲಿನ ಹನ್ನೆರಡು ಕುರಿಗಳ ವಿಚಾರ,
ಒಂಬತ್ತು ವರ್ಷದ ಹಿಂದೆ ಒಂದು ರಾತ್ರಿ ಬರೆದದ್ದು.
ಮೊದಲ ಮೂರು ಸಾಲು ಕುರಿಯದ್ದು. ಆಮೇಲಿನದು ಕುರಿಯದ್ದಲ್ಲ.
ಬರೆದು ಮುಗಿಸಿ ಒತ್ತಿದ್ದೆ: ಆಮೇಲೆ ಕಳಿಸು.
ಹಳೆಯದಕ್ಕೆ ಅಷ್ಟು ಸಾಕಿತ್ತು. ಆಮೇಲೆ ಎಂದರೆ ಆಮೇಲೆ.
ದೆವ್ವಕ್ಕೆಂದು ಬಾಗಿಲ ಮೇಲೆ ನಾಳೆ ಬಾ ಎಂದು ಬರೆದ ಹಾಗೆ
ಅದು ದಿನಾ ಬಂದು, ಓದಿ, ಹಿಂದಿರುಗುತ್ತಿತ್ತು.
ಒಮ್ಮೊಮ್ಮೆ ಡಬ್ಬ ಕೇಳುವುದು: ಕಳಿಸದ ಒಂದು ಪತ್ರವಿದೆ, ಈಗ ಕಳಿಸಲೇ?
ಬೇಡ ಅನ್ನುತ್ತಿದ್ದೆ.
ಸರಿ ಅನ್ನುತ್ತಿತ್ತು. ಮರ್ಯಾದಸ್ತ.

ಪರೀಕ್ಷೆಗೆಂದೇ ಅದನ್ನು ಹೊಸದರಲ್ಲಿ ಅಂಟಿಸಿದೆ.
ಇಲ್ಲೂ ಇದೆ ಆ ಗುಂಡಿ.
ಒತ್ತಿದರೆ ಕ್ಯಾಲೆಂಡರು ಬಿಚ್ಚಿಕೊಂಡು ನಿಂತಿತು:
ಯಾವ ದಿನ? ಎಷ್ಟು ಗಂಟೆಗೆ?
ಇದಕ್ಕೆ ನಾಳೆ ಎಂದರೆ ನಾಳೆಯೇ.

ನಮ್ಮಲ್ಲಿ ಕುರಿಮಾಂಸಕ್ಕೆ ಉಪ್ಪು ಹಾಕುವುದಿಲ್ಲ,
ಹಲಗೆಮನೆಯ ಸಂದಿಗಳ ಗಾಳಿಗೆ ತೂಗಿಬಿಡುತ್ತೇವೆ.
ಹದಗೊಂಡಿತೋ ಹಳಸಿತೋ, ಹೇಳುವುದು ಮೂಗು.
ಪತ್ರಕ್ಕೆ ಮೂಗಿಟ್ಟೆ. ಗೊತ್ತಾಗಲಿಲ್ಲ.
ಆ ಹನ್ನೆರಡರಲ್ಲಿ ಒಂದು ಕುರಿಯೂ ಈಗ ಬದುಕಿರಲಾರದು ಎಂಬುದಷ್ಟೇ ಹೊಳೆಯಿತು.
ಮೊದಲ ಮೂರು ಸಾಲು ಅಳಿಸಿದೆ.
ಕೊನೆಯದರಲ್ಲಿ ಒಂದು ಪದ.
ಕಿಟಕಿಯಾಚೆ ಮಂಜು ಕಲ್ಸೊಯನ್ನು ಸೊಂಟದವರೆಗೆ ನುಂಗಿ ನಿಂತಿತ್ತು,
ಬೆಳಗಿನ ದೋಣಿ ಅದರೊಳಕ್ಕೆ ಹೋಗುವುದು ಕಂಡಿತು, ಸೇರಿದ್ದು ಕಾಣಲಿಲ್ಲ.

ವರದಿ ಲಗತ್ತಿಸಿದೆ, ಮಾರ್ಗ್ರೆಟಾ.
ಹುಡುಕಾಟ ಉತ್ತಮ. ನೆಟ್ ಹೋದರೆ ಕುರುಡು.
ಹಳೆಯ ಡಬ್ಬವನ್ನು ಈ ಚಳಿಗಾಲ ಮುಗಿಯುವ ತನಕ ಎಸೆಯಬೇಡ,
ಏನಿಲ್ಲವೆಂದರೂ ನನ್ನ ಕಾಲಿಗೆ.
ಮತ್ತೊಂದು: ಆಮೇಲೆ ಎಂದರೆ ಇದು ತಾರೀಖು ಕೇಳುತ್ತದೆ.
ಗುಣವೋ ದೋಷವೋ, ಆ ಕಾಲಮ್ಮು ಖಾಲಿ ಬಿಟ್ಟಿದ್ದೇನೆ.
ಸೋಮವಾರ ಬೆಳಿಗ್ಗೆ ಎಂಟರ ತನಕ ಸಮಯ ಕೊಡು.
ಎಂಟೂ ಐದಕ್ಕೆ ಬೇಕಾದರೆ ಕೇಳು.